ಕ್ರಿಪ್ಟೋಸ್: ಬೆಂಗಳೂರು ಹೆವಿ ಮೆಟಲ್‌ನ ಕಾಲು ಶತಮಾನ

ಕ್ರಿಪ್ಟೋಸ್ ಬೆಂಗಳೂರಿನ ಹೆವಿ ಮೆಟಲ್ ತಂಡ. ಇದನ್ನು 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಕಟ್ಟಿದರು. 2004ರ ‘ಸ್ಪೈರಲ್ ಅಸೆಂಟ್’ನಿಂದ 2024ರ ‘ಡೆಸಿಮೇಟರ್’ವರೆಗಿನ ಇಪ್ಪತ್ತು ವರ್ಷಗಳಲ್ಲಿ ತಂಡ ಏಳು ಆಲ್ಬಂ ಹೊರತಂದಿದೆ. ನಡುವಿನವು ‘ದಿ ಆರ್ಕ್ ಆಫ್ ಜೆಮಿನಿ’ (2008), ‘ದಿ ಕಾಯಿಲ್ಸ್ ಆಫ್ ಅಪೋಲಿಯನ್’ (2012), ‘ಬರ್ನ್ ಅಪ್ ದ ನೈಟ್’ (2016), ‘ಆಫ್ಟರ್‌ಬರ್ನರ್’ (2019) ಮತ್ತು ‘ಫೋರ್ಸ್ ಆಫ್ ಡೇಂಜರ್’ (2021). ಇವನ್ನು ಬಂದ ಕ್ರಮದಲ್ಲೇ ಕೇಳುತ್ತ ಹೋದರೆ ತಂಡದ ದನಿ ಯಾವ ದಿಕ್ಕಿಗೆ ಹೊರಳಿತು ಎಂಬುದು ಸ್ಪಷ್ಟವಾಗುತ್ತದೆ. ಮೆಟಲ್ ತಂಡವೊಂದು ಬೆಳೆಯಿತು ಎಂದರೆ ಸಾಮಾನ್ಯವಾಗಿ ವೇಗ ಹೆಚ್ಚುತ್ತದೆ, ತಾಳ ಸಿಕ್ಕುಸಿಕ್ಕಾಗುತ್ತದೆ, ಗಿಟಾರಿನ ಶ್ರುತಿ ಇನ್ನಷ್ಟು ಕೆಳಗಿಳಿಯುತ್ತದೆ. ಕ್ರಿಪ್ಟೋಸ್ ಹಿಡಿದದ್ದು ಇದಕ್ಕೆ ಎದುರು ದಾರಿ. ತೊಂಬತ್ತರ ದಶಕದ ಬೆರಕೆ ದನಿಯಿಂದ ಹೊರಟ ತಂಡ ವರ್ಷ ಕಳೆದಂತೆ ಒಂದೊಂದೇ ಅಲಂಕಾರ ಕಳಚಿ, ಎಂಬತ್ತರ ದಶಕದ ನೇರವಾದ ಹೆವಿ ಮೆಟಲ್‌ಗೆ ಬಂದು ನೆಲೆ ನಿಂತಿತು. ಹೊರದೇಶದ ಕೇಳುಗರು ಅದನ್ನು ಗಟ್ಟಿಯಾಗಿ ಗುರುತಿಸಿದ್ದೂ ಈ ಸರಳತೆ ಕೈಗೂಡಿದ ಮೇಲೆಯೇ.

ಮೆಟಲ್ ಎಂದರೆ ಬರಿಯ ಗದ್ದಲ ಎಂದುಕೊಂಡವರಿಗೆ ಈ ಬದಲಾವಣೆ ಕಿವಿಗೆ ಬೀಳುವುದೇ ಇಲ್ಲ. ಆದ್ದರಿಂದ ಆ ದನಿಯ ಕಟ್ಟುವಿಕೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೆವಿ ಮೆಟಲ್‌ನ ತಳಪಾಯ ಪವರ್ ಕಾರ್ಡ್. ಅದರಲ್ಲಿರುವುದು ಎರಡೇ ಸ್ವರ, ಷಡ್ಜ ಮತ್ತು ಪಂಚಮ. ತಂಬೂರಿಯ ಶ್ರುತಿಯಲ್ಲಿ ಬೆಳೆದ ಕಿವಿಗೆ ಈ ಜೋಡಿ ಹೊಸದೇನಲ್ಲ. ಗಾಂಧಾರವನ್ನು ಬಿಟ್ಟಿರುವುದಕ್ಕೆ ಕಾರಣ ಡಿಸ್ಟಾರ್ಷನ್. ಆಂಪ್ಲಿಫೈಯರ್ ತಡೆಯಲಾರದಷ್ಟು ಸಿಗ್ನಲ್ಲನ್ನು ಅದಕ್ಕೆ ತುಂಬಿದಾಗ ಧ್ವನಿಯಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಆಗ ಮೂಲದಲ್ಲಿ ಇಲ್ಲದ ಉಪಸ್ವರಗಳು ಹುಟ್ಟುತ್ತವೆ. ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಅವುಗಳ ಕಂಪನಾಂಕಗಳ ಮೊತ್ತ ಮತ್ತು ವ್ಯತ್ಯಾಸಗಳೂ ಪ್ರತ್ಯೇಕ ಸ್ವರಗಳಾಗಿ ಕೇಳಿಸುತ್ತವೆ. ಷಡ್ಜ ಪಂಚಮಗಳ ಅನುಪಾತ ಎರಡಕ್ಕೆ ಮೂರು, ವ್ಯತ್ಯಾಸ ಒಂದು. ಅಂದರೆ ನುಡಿಸಿದ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗಿನ ಷಡ್ಜ. ಯಾರೂ ನುಡಿಸದ ಆ ಮಂದ್ರ ಷಡ್ಜ ತಾನಾಗಿ ಮೊಳಗುವುದರಿಂದಲೇ ಎರಡು ತಂತಿಯ ಪವರ್ ಕಾರ್ಡ್ ಗೋಡೆಯಷ್ಟು ದಪ್ಪ ಕೇಳುತ್ತದೆ. ಅದರೊಳಗೆ ಗಾಂಧಾರ ಸೇರಿಸಿದರೆ ಈ ಮೊತ್ತ ವ್ಯತ್ಯಾಸಗಳು ಒಂದಕ್ಕೊಂದು ತಾಗಿ ದನಿ ಕಲಕಿಹೋಗುತ್ತದೆ.

ಉಳಿದ ಮುಖ್ಯ ಅಂಗಗಳು ಮೂರು ನಾಲ್ಕು. ಬಲಗೈಯ ಅಂಚನ್ನು ಬ್ರಿಡ್ಜ್ ಹತ್ತಿರ ತಂತಿಗಳ ಮೇಲೆ ಹಗುರವಾಗಿ ಒತ್ತಿ ಮೀಟಿದರೆ ನಾದ ಹರಡದೆ ಗುದ್ದಿನಂತೆ ಬೀಳುತ್ತದೆ. ಇದೇ ಪಾಮ್ ಮ್ಯೂಟ್. ಹಾಗೆ ಮೀಟುತ್ತ ಒಂದು ದೀರ್ಘ ಎರಡು ಹ್ರಸ್ವಗಳಲ್ಲಿ ಓಡಿದರೆ ಅದು ಗ್ಯಾಲಪ್. ಕೊನ್ನಕೋಲಿನಲ್ಲಿ ಹೇಳುವುದಾದರೆ ‘ತಾ ತಕ, ತಾ ತಕ’. ಐರನ್ ಮೇಡನ್ ಕೇಳಿದವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಎರಡು ಗಿಟಾರ್‌ಗಳು ಒಂದೇ ಮಟ್ಟನ್ನು ಬೇರೆ ಬೇರೆ ಸ್ವರದಿಂದ ಹಿಡಿದು ಜೊತೆಗೆ ಸಾಗುವುದು ಜೋಡಿ ಗಿಟಾರ್. ಥಿನ್ ಲಿಝಿ, ಜೂಡಾಸ್ ಪ್ರೀಸ್ಟ್, ಐರನ್ ಮೇಡನ್ ತಂಡಗಳು ಅದನ್ನು ಈ ಸಂಗೀತದ ಗುರುತಾಗಿಸಿದವು. ಕೊನೆಯದು ಕಂಠ. ಅದು ಎತ್ತರದ ಸ್ಥಾಯಿಯ ತೆರೆದ ಗಾಯನವಾಗಿರಬಹುದು, ಇಲ್ಲವೇ ಕಂಠದ ಹುಸಿ ಸ್ವರತಂತುಗಳನ್ನು ಬಿಗಿದು ಹೊರಡಿಸುವ ಗ್ರೌಲ್ ಆಗಿರಬಹುದು. ಮೆಟಲ್‌ನ ಒಂದೊಂದು ಶಾಖೆಯೂ ಈ ಅಂಗಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿಕೊಂಡಿದೆ. ಕ್ರಿಪ್ಟೋಸ್‌ನ ಕಥೆಯೂ ಈ ಪ್ರಮಾಣ ಬದಲಾಗುತ್ತ ಬಂದದ್ದರ ಕಥೆಯೇ.

ಈ ಸಂಗೀತ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸುತ್ತಲಿನ ಕಾರ್ಖಾನೆ ಪಟ್ಟಿಯಲ್ಲಿ. ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕ ಟೋನಿ ಅಯೋಮಿ 1965ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಶೀಟ್ ಮೆಟಲ್ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ಅವನು ಎಡಚ. ಹಾಗಾಗಿ ತಂತಿ ಒತ್ತುವ ಕೈಗೇ ಪೆಟ್ಟು ಬಿದ್ದಿತ್ತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳು ತಂತಿ ಹಾಕಿಕೊಂಡ, ಮುಂದೆ ಶ್ರುತಿಯನ್ನೂ ಇಳಿಸಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಂನ ಹಲವು ಹಾಡುಗಳಲ್ಲಿ ಗಿಟಾರ್ ಮೂರು ಅರ್ಧಸ್ವರ ಕೆಳಗಿದೆ. ಹೆವಿ ಮೆಟಲ್‌ನ ಭಾರದಲ್ಲಿ ಆ ಅಪಘಾತದ ಪಾಲೂ ಇದೆ. ಜೂಡಾಸ್ ಪ್ರೀಸ್ಟ್‌ನ ಗ್ಲೆನ್ ಟಿಪ್ಟನ್ ಬ್ರಿಟಿಷ್ ಸ್ಟೀಲ್ ಕಂಪನಿಯಲ್ಲಿ ಕೆಲಸ ಮಾಡಿದ್ದವನು. ತಂಡದ 1980ರ ಆಲ್ಬಂಗೆ ಅದೇ ಹೆಸರು.

ಬೆಂಗಳೂರಿನಲ್ಲೂ ಅಂಥ ಪಟ್ಟಿ ಇದೆ. ತುಮಕೂರು ರಸ್ತೆಯ ಎಂಟನೇ ಮೈಲಿಯಿಂದ ಹೆಸರಘಟ್ಟ ರಸ್ತೆಗೆ ತಿರುಗಿ ಬಾಗಲಗುಂಟೆಯತ್ತ ಹೋದರೂ, ಈಚೆ ಪೀಣ್ಯದ ಹಂತಗಳೊಳಗೆ ನುಗ್ಗಿದರೂ ಪವರ್ ಪ್ರೆಸ್, ಲೇತ್, ಶೀಟ್ ಮೆಟಲ್ ಜಾಬ್ ವರ್ಕಿನ ಸಣ್ಣ ಸಣ್ಣ ಶೆಡ್ಡುಗಳು ಸಿಗುತ್ತವೆ. ಅಯೋಮಿಯ ಬೆರಳು ತಿಂದಂಥ ಯಂತ್ರಗಳ ನಡುವೆ ಇಲ್ಲಿ ಸಾವಿರಾರು ಜನ ದಿನವೂ ಶಿಫ್ಟ್ ಮುಗಿಸುತ್ತಾರೆ. ಆದರೂ ಬೆಂಗಳೂರಿನ ಮೆಟಲ್ ಈ ಶೆಡ್ಡುಗಳಿಂದ ಹುಟ್ಟಲಿಲ್ಲ. ಅದು ಬಂದದ್ದು ಕಂಟೋನ್ಮೆಂಟಿನ ಇಂಗ್ಲಿಷ್ ಮೀಡಿಯಂ ಶಾಲೆಗಳಿಂದ, ಕಾಲೇಜು ಉತ್ಸವಗಳಿಂದ, ಆಮೇಲೆ ಐಟಿ ಕಂಪನಿಗಳಲ್ಲಿ ದುಡಿಯುವ ಹುಡುಗ ಹುಡುಗಿಯರಿಂದ. ದಾಸರಹಳ್ಳಿ ಬಾಗಲಗುಂಟೆಯ ಕಾರ್ಮಿಕ ಬೀದಿಗಳಲ್ಲಿ ರಾಜ್ಯೋತ್ಸವಕ್ಕೂ ಅಣ್ಣಮ್ಮನ ಉತ್ಸವಕ್ಕೂ ನಡೆಯುವುದು ಆರ್ಕೆಸ್ಟ್ರಾ. ಲೋಹದ ಕೆಲಸ ಒಂದು ಕಡೆ, ಲೋಹದ ಸಂಗೀತ ಇನ್ನೊಂದು ಕಡೆ ಬೆಳೆದದ್ದು ಈ ಊರಿನ ವರ್ಗ ಮತ್ತು ಭಾಷೆಯ ಗೆರೆಗಳನ್ನು ನೇರವಾಗಿ ತೋರಿಸುತ್ತದೆ. ಬರ್ಮಿಂಗ್‌ಹ್ಯಾಮ್ ಕಥೆಯನ್ನು ಇಲ್ಲಿಗೆ ಹಾಗೆಯೇ ಅಂಟಿಸಲು ಬರುವುದಿಲ್ಲ.

ಬೆಂಗಳೂರಿನ ಆರಂಭದ ಮೆಟಲ್ ತಂಡಗಳಲ್ಲಿ 1988ರಲ್ಲಿ ಶುರುವಾದ ಮಿಲೇನಿಯಮ್ ಪ್ರಮುಖವಾದದ್ದು. ತೊಂಬತ್ತರ ದಶಕದ ಮೊದಲಲ್ಲಿ ಡೈಯಿಂಗ್ ಎಂಬ್ರೇಸ್ ನಿಧಾನಗತಿಯ ಡೂಮ್ ಮತ್ತು ಗ್ರೌಲ್ ಪ್ರಧಾನವಾದ ಡೆತ್ ಮೆಟಲ್ ಬೆರೆಸಿ ನುಡಿಸಿತು. ಅದೇ ದಶಕದ ಕೊನೆಗೆ ಥ್ರೆನೊಡಿ ವೇಗದ ಥ್ರ್ಯಾಶ್ ಮೆಟಲ್ ಹಿಡಿಯಿತು, ಮೈಂಡ್‌ಸ್ನೇರ್ ಕ್ಲಿಷ್ಟ ಡೆತ್ ಮೆಟಲ್ ಹಿಡಿಯಿತು. ಆಗ ಇಲ್ಲಿ ಸಂಗೀತ ಸಿಗುತ್ತಿದ್ದ ರೀತಿಯೇ ಬೇರೆ. 1991ರ ನಂತರ ಕೇಬಲ್ ಟಿವಿಯೊಂದಿಗೆ ಎಂಟಿವಿ ಬಂತು. ಪರವಾನಗಿ ಪಡೆದ ಕ್ಯಾಸೆಟ್‌ಗಳು ಅಂಗಡಿಗೆ ಬಂದವು. ಅಲ್ಲಿ ಸಿಗದ್ದನ್ನು ವಿದೇಶದಿಂದ ಬಂದ ನೆಂಟರ ಕೈಯಿಂದ ಪಡೆದು, ಟೇಪಿನಿಂದ ಟೇಪಿಗೆ ಇಳಿಸಿ ಹಂಚಿಕೊಳ್ಳುತ್ತಿದ್ದರು.

ಇದರ ಪರಿಣಾಮ ದೊಡ್ಡದು, ಅದನ್ನು ಯಾರೂ ಸಾಕಷ್ಟು ಗಮನಿಸಿಲ್ಲ. ಇಂಗ್ಲೆಂಡಿನ ಕೇಳುಗನಿಗೆ 1970ರ ಸಬ್ಬತ್ ಮೊದಲು, 1980ರ ಮೇಡನ್ ಆಮೇಲೆ, 1990ರ ಡೆತ್ ಮೆಟಲ್ ಕೊನೆಗೆ ಬಂತು. ಬೆಂಗಳೂರಿನ ಹುಡುಗನಿಗೆ ಈ ಮೂರೂ ಒಂದೇ ವರ್ಷ, ಎಷ್ಟೋ ಸಲ ಒಂದೇ ಕ್ಯಾಸೆಟ್ಟಿನ ಎರಡು ಮುಖಗಳಲ್ಲಿ ಸಿಕ್ಕವು. ಯಾವುದು ಹಳತು, ಯಾವುದು ಹೊಸತು, ಯಾವುದು ಯಾವುದನ್ನು ಎದುರಿಸಿ ಹುಟ್ಟಿತು ಎಂಬ ವಂಶಾವಳಿ ಆ ಟೇಪುಗಳ ಮೇಲೆ ಬರೆದಿರಲಿಲ್ಲ. ಹಾಗಾಗಿ ಇಲ್ಲಿಯ ತಂಡಗಳ ಮೊದಲ ಹಾಡುಗಳಲ್ಲಿ ಮೂರು ದಶಕಗಳು ಒಟ್ಟಿಗೆ ನುಗ್ಗಿಬರುತ್ತವೆ. ಇದನ್ನು ಕುಂದು ಎನ್ನಲಾಗದು. ಸಿಕ್ಕಿದ್ದನ್ನೆಲ್ಲ ಪ್ರೀತಿಯಿಂದ ಒಳಗೆ ತಂದುಕೊಂಡವರ ಸಂಗೀತ ಇದು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಮಾತ್ರ ಮುಂದಿನ ಕಾಲಕ್ಕೆ ಉಳಿಯಿತು.

ಕ್ರಿಪ್ಟೋಸ್‌ನ ‘ಸ್ಪೈರಲ್ ಅಸೆಂಟ್’ ಇಂಥ ಆಲ್ಬಂ. ಅದರಲ್ಲಿ ಮೇಡನ್ ಮಾದರಿಯ ಜೋಡಿ ಗಿಟಾರ್ ಇದೆ, ಥ್ರ್ಯಾಶ್‌ನ ಕತ್ತರಿಸುವ ರಿಫ್ (ಮರಳಿ ಮರಳಿ ಬರುವ ಗಿಟಾರ್ ಸ್ವರಗುಚ್ಛ) ಇದೆ, ಡೆತ್ ಮೆಟಲ್ಲಿನ ಒರಟು ಕಂಠ ಇದೆ, ಪ್ರೊಗ್ರೆಸಿವ್ ಸಂಗೀತದ ತಿರುವುಗಳಿವೆ. ‘ಡಿಸೆನ್ಷನ್’ ಹಾಡು ಆ ಕಾಲದ ಕಾಲೇಜು ವೇದಿಕೆಗಳ ಕೇಳುಗರಿಗೆ ತಂಡದ ಗುರುತಾಯಿತು. ಮುದ್ರಣದ ಗುಣಮಟ್ಟ ಅಂದಿನ ಭಾರತೀಯ ಸ್ಟುಡಿಯೋಗಳ ಮಿತಿಯೊಳಗೇ ಇದೆ. ಸಿನಿಮಾ ಹಾಡು, ಭಾವಗೀತೆ, ಜಾಹೀರಾತುಗಳಿಗೆ ಪಳಗಿದ ಎಂಜಿನಿಯರುಗಳಿಗೆ ಡಿಸ್ಟಾರ್ಷನ್ ಗಿಟಾರನ್ನು ಡ್ರಮ್ಸಿನ ಪಕ್ಕ ಎಲ್ಲಿ ಕೂರಿಸಬೇಕು ಎಂಬುದು ಹೊಸ ಪ್ರಶ್ನೆಯಾಗಿತ್ತು. 2008ರ ‘ದಿ ಆರ್ಕ್ ಆಫ್ ಜೆಮಿನಿ’ ಅಮೆರಿಕದ ಓಲ್ಡ್ ಸ್ಕೂಲ್ ಮೆಟಲ್ ರೆಕಾರ್ಡ್ಸ್ ಮೂಲಕ ಬಂತು. ಹಾಡುಗಳ ಹೆಣಿಗೆ ಇಲ್ಲಿ ಇನ್ನೂ ದಟ್ಟವಾಗಿದೆ. ಒಂದು ರಿಫ್ ನಿಂತು ಕೇಳುಗನ ಮೈಗೆ ಹತ್ತುವ ಮೊದಲೇ ಮತ್ತೊಂದು ಬಂದುಬಿಡುತ್ತದೆ. ಪುರಾಣ, ಗೂಢವಿದ್ಯೆ, ಬಾಹ್ಯಾಕಾಶಗಳಿಂದ ತೆಗೆದ ಸಾಹಿತ್ಯವೂ ಅಷ್ಟೇ ಕಿಕ್ಕಿರಿದಿದೆ. ತಂಡದ ಶಕ್ತಿ ಕಾಣುತ್ತದೆ, ಉಸಿರಾಡಲು ಜಾಗ ಮಾತ್ರ ಸಾಲುವುದಿಲ್ಲ.

ಜೋಡಿ ಗಿಟಾರಿನ ಇಂಪು ಮತ್ತು ಒರಟು ಕಂಠವನ್ನು ಕೂಡಿಸುವ ಈ ಕೆಲಸವನ್ನು ಜಗತ್ತಿನಲ್ಲಿ ಅತಿ ಪ್ರಸಿದ್ಧವಾಗಿ ಮಾಡಿದ್ದು ಸ್ವೀಡನ್. ಬೆಂಗಳೂರಿನ ಮೆಟಲ್ ಕೇಳುಗರ ಸಂಗ್ರಹದಲ್ಲಿ ಆ ಪುಟ್ಟ ದೇಶಕ್ಕೆ ದೊಡ್ಡ ಜಾಗವಿದೆ. ಸ್ಟಾಕ್‌ಹೋಮ್‌ನ ಎಂಟೂಂಬ್ಡ್ ತಂಡ 1990ರ ‘ಲೆಫ್ಟ್ ಹ್ಯಾಂಡ್ ಪಾತ್’ ಆಲ್ಬಂನಲ್ಲಿ ಜಪಾನಿನ ಬಾಸ್ ಕಂಪನಿಯ ಎಚ್‌ಎಂ-2 ಎಂಬ ಪೆಡಲ್ಲಿನ ಎಲ್ಲ ಗುಂಡಿಗಳನ್ನೂ ಕೊನೆವರೆಗೆ ತಿರುಗಿಸಿ ಗರಗಸದಂಥ ದನಿ ಹೊರಡಿಸಿತು. ಸನ್‌ಲೈಟ್ ಸ್ಟುಡಿಯೋದ ಟೋಮಸ್ ಸ್ಕೋಗ್ಸ್‌ಬರ್ಗ್ ಅದನ್ನು ಮುದ್ರಿಸಿದ. ಇತ್ತ ಗೋಥೆನ್‌ಬರ್ಗ್ ನಗರದ ತಂಡಗಳು ಡೆತ್ ಮೆಟಲ್‌ಗೆ ಮೇಡನ್ ಮಾದರಿಯ ಇಂಪನ್ನು ಸೇರಿಸಿದವು. ಡಾರ್ಕ್ ಟ್ರಾಂಕ್ವಿಲಿಟಿಯ ‘ದಿ ಗ್ಯಾಲರಿ’ ಮತ್ತು ಅಟ್ ದ ಗೇಟ್ಸ್‌ನ ‘ಸ್ಲಾಟರ್ ಆಫ್ ದ ಸೋಲ್’ 1995ರಲ್ಲೂ, ಇನ್ ಫ್ಲೇಮ್ಸ್‌ನ ‘ದಿ ಜೆಸ್ಟರ್ ರೇಸ್’ 1996ರಲ್ಲೂ ಬಂದವು. ಮೂರೂ ಸ್ಟುಡಿಯೋ ಫ್ರೆಡ್‌ಮನ್‌ನಲ್ಲಿ ಮುದ್ರಣವಾದವು. ಈ ಬೆಳೆಗೆ ಅಲ್ಲಿಯ ಸರ್ಕಾರದ ನೀರೂ ಸಿಕ್ಕಿತ್ತು. ಪುರಸಭೆಗಳು ನಡೆಸುವ ಸಂಗೀತ ಶಾಲೆಗಳಲ್ಲಿ ಮಕ್ಕಳು ವಾದ್ಯ ಕಲಿತರು. ವಯಸ್ಕರ ಶಿಕ್ಷಣ ಸಂಘಗಳ ನೆರವಿನಿಂದ ತಂಡಗಳಿಗೆ ಅಭ್ಯಾಸದ ಕೋಣೆ ಸಿಕ್ಕಿತು. ಬೆಂಗಳೂರಿನಲ್ಲಿ ಅದೇ ವಯಸ್ಸಿನವರು ಗಂಟೆಗಿಷ್ಟು ಎಂದು ಹಣ ಕೊಟ್ಟು ಜಾಮ್ ರೂಮ್ ಹಿಡಿಯಬೇಕು. ಇಲ್ಲವೇ ಅಕ್ಕಪಕ್ಕದವರು ಕದ ತಟ್ಟುವವರೆಗೆ ಮನೆಯಲ್ಲೇ ನುಡಿಸಬೇಕು.

ಸ್ವೀಡನ್ನಿನ ಓಪೆಥ್ ತಂಡದ ಪಯಣವನ್ನು ಕ್ರಿಪ್ಟೋಸ್ ಪಕ್ಕ ಇಟ್ಟು ನೋಡುವುದು ಉಪಯುಕ್ತ. 1990ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ ಓಪೆಥ್, 1995ರ ‘ಆರ್ಕಿಡ್’ನಲ್ಲಿ ಹತ್ತು ಹನ್ನೆರಡು ನಿಮಿಷದ ಹಾಡುಗಳಲ್ಲಿ ಗ್ರೌಲ್ ಮತ್ತು ಅಕೂಸ್ಟಿಕ್ ಗಿಟಾರ್‌ಗಳನ್ನು ಸರದಿಯ ಮೇಲೆ ತಂದಿತು. 2001ರ ‘ಬ್ಲ್ಯಾಕ್‌ವಾಟರ್ ಪಾರ್ಕ್’ಗೆ ಪೊರ್ಕುಪೈನ್ ಟ್ರೀಯ ಸ್ಟೀವನ್ ವಿಲ್ಸನ್ ನಿರ್ಮಾಣದಲ್ಲಿ ಜೊತೆಯಾದ. 2003ರ ‘ಡ್ಯಾಮ್ನೇಷನ್’ನಲ್ಲಿ ಗ್ರೌಲ್ ಇಲ್ಲವೇ ಇಲ್ಲ. 2011ರ ‘ಹೆರಿಟೇಜ್’ನಿಂದ ಗಾಯಕ ಮಿಕಾಯೆಲ್ ಓಕರ್‌ಫೆಲ್ಟ್ ಡೆತ್ ಮೆಟಲ್ಲನ್ನು ಪೂರ್ತಿ ಬದಿಗಿಟ್ಟು 1970ರ ದಶಕದ ಪ್ರೊಗ್ರೆಸಿವ್ ರಾಕ್ ಕಡೆ ನಡೆದ. ಹಳೆಯ ಅಭಿಮಾನಿಗಳಲ್ಲಿ ಎಷ್ಟೋ ಮಂದಿ ಸಿಟ್ಟಾದರು. ನಾಲ್ಕು ಆಲ್ಬಂಗಳ ನಂತರ, 2024ರ ‘ದಿ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್’ನಲ್ಲಿ ಗ್ರೌಲ್ ಮರಳಿತು. ಅದರಲ್ಲಿ ಜೆಥ್ರೋ ಟಲ್‌ನ ಇಯಾನ್ ಆಂಡರ್ಸನ್ ಕೂಡ ಇದ್ದಾನೆ.

ಇಲ್ಲಿ ಮೂರು ಮಾದರಿಗಳು ಕಾಣುತ್ತವೆ. ಇನ್ ಫ್ಲೇಮ್ಸ್ 2002ರ ‘ರೀರೂಟ್ ಟು ರಿಮೇನ್’ನಿಂದ ಮುಂದೆ ಅಮೆರಿಕದ ಅಂದಿನ ಹೊಸ ದನಿಯ ಕಡೆ ಹೊರಳಿತು. ಓಪೆಥ್ ತನಗಿಂತ ಹಿಂದಿನ ದಶಕಕ್ಕೆ ಹೋಗಿ ಅಲ್ಲಿಯ ಸಂಕೀರ್ಣತೆಯನ್ನು ಆರಿಸಿಕೊಂಡಿತು. ಕ್ರಿಪ್ಟೋಸ್ ಕೂಡ ಹಿಂದಕ್ಕೇ ಹೋಯಿತು, ಆದರೆ ಅಲ್ಲಿಂದ ಹೆಕ್ಕಿದ್ದು ಸರಳತೆಯನ್ನು. ದನಿ ಬದಲಾಗುವುದು ಎಂದರೆ ಎಷ್ಟೋ ಸಲ ಯಾವ ಹಿಂದಿನ ಕಾಲ ತನ್ನದು ಎಂದು ತೀರ್ಮಾನಿಸುವುದು. ಎಲ್ಲ ಕಾಲಗಳೂ ಒಂದೇ ಟೇಪಿನಲ್ಲಿ ಬಂದಿದ್ದ ಊರಿನ ತಂಡಕ್ಕೆ ಈ ತೀರ್ಮಾನ ಇನ್ನಷ್ಟು ಕಠಿಣ.

ಕ್ರಿಪ್ಟೋಸ್‌ನ ಆ ತೀರ್ಮಾನ ಮಾಗಿದ ವರ್ಷಗಳಲ್ಲಿ ಬೆಂಗಳೂರು ಕೇಳುವ ಊರಿನಿಂದ ನೋಡುವ ಊರಾಯಿತು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿತು. ಅಷ್ಟು ದೊಡ್ಡ ಮೆಟಲ್ ತಂಡ ಭಾರತಕ್ಕೆ ಬಂದದ್ದು ಅಂದಿನವರಿಗೆ ನಂಬಲಾಗದ ಸಂಗತಿ. ಗುವಾಹಟಿ, ಕೋಲ್ಕತ್ತಗಳಿಂದಲೂ ರೈಲು ಹಿಡಿದು ಜನ ಬಂದರು. 2008ರಲ್ಲಿ ಮೆಗಾಡೆತ್, 2009ರಲ್ಲಿ ಮತ್ತೆ ಮೇಡನ್, 2010ರಲ್ಲಿ ಲ್ಯಾಂಬ್ ಆಫ್ ಗಾಡ್ ಬಂದವು. ದೆಹಲಿ ಪಕ್ಕದ ಗುರುಗ್ರಾಮದಲ್ಲಿ ರದ್ದಾದ ಮೆಟಾಲಿಕಾ ಕಾರ್ಯಕ್ರಮ 2011ರ ಅಕ್ಟೋಬರ್ 30ರಂದು ಬೆಂಗಳೂರಿನಲ್ಲಿ ನಡೆದೇ ನಡೆಯಿತು. 2012ರಲ್ಲಿ ಜರ್ಮನಿಯ ವಾಕನ್ ಉತ್ಸವದ ನಂಟಿನೊಂದಿಗೆ ಬೆಂಗಳೂರು ಓಪನ್ ಏರ್ ಶುರುವಾಯಿತು. ಮೊದಲ ವರ್ಷದ ಮುಖ್ಯ ತಂಡ ಜರ್ಮನಿಯ ಕ್ರಿಯೇಟರ್. ಅದೇ ವರ್ಷ ನಗರದ ಹೊರವಲಯದ ಭಾರತೀಯ ಸಿಟಿಯಲ್ಲಿ ಸ್ಲೇಯರ್ ನುಡಿಸಿತು. ಇಷ್ಟು ಕಾಲ ಹೆಡ್‌ಫೋನಿನಲ್ಲಿ ಕೇಳಿದ್ದನ್ನು ಬಯಲಿನಲ್ಲಿ, ಸಾವಿರಾರು ಜನರ ನಡುವೆ ಕೇಳಿದಾಗ ಸಂಗೀತಗಾರರಿಗೆ ಒಂದು ಪಾಠ ಸಿಕ್ಕಿರಲೇಬೇಕು. ದೊಡ್ಡ ಮೈದಾನದಲ್ಲಿ ಹತ್ತು ತಿರುವುಗಳ ಹಾಡು ಕರಗಿಹೋಗುತ್ತದೆ. ನಾಲ್ಕು ಸ್ವರದ ಗಟ್ಟಿ ರಿಫ್ ಕೊನೆಯ ಸಾಲಿನವರೆಗೂ ತಲುಪುತ್ತದೆ.

ಕ್ರಿಪ್ಟೋಸ್ 2010ರಲ್ಲೇ ಯುರೋಪ್ ಪ್ರವಾಸ ಮಾಡಿತ್ತು. ದಿನವೂ ಬೇರೆ ಊರು, ಮಾಲು ಹೊತ್ತು ವ್ಯಾನಿನಲ್ಲಿ ಪಯಣ, ತಂಡದ ಹೆಸರನ್ನೇ ಕೇಳದ ಪ್ರೇಕ್ಷಕರು. 2012ರ ‘ದಿ ಕಾಯಿಲ್ಸ್ ಆಫ್ ಅಪೋಲಿಯನ್’ನಲ್ಲಿ ಬದಲಾವಣೆ ಕೇಳತೊಡಗುತ್ತದೆ. ‘ದಿ ಮಾಸ್ಕ್ ಆಫ್ ಅನುಬಿಸ್’ನಂಥ ಹಾಡಿನಲ್ಲಿ ಹಳೆಯ ಪುರಾಣಪ್ರೀತಿ ಹಾಗೆಯೇ ಇದೆ, ಆದರೆ ರಿಫ್‌ಗಳಿಗೆ ನಿಲ್ಲಲು ಸಮಯ ಸಿಕ್ಕಿದೆ. ಗಿಟಾರ್‌ಗಳು ಒಂದರ ಮೇಲೊಂದು ಏರುವುದನ್ನು ಬಿಟ್ಟು ಜೊತೆಯಲ್ಲಿ ಸಾಗುತ್ತವೆ. ಮರುವರ್ಷ, 2013ರಲ್ಲಿ, ತಂಡ ವಾಕನ್‌ನಲ್ಲಿ ನುಡಿಸಿತು. 2017ರಲ್ಲಿ ಮತ್ತೊಮ್ಮೆ.

ಈ ಹಂತದ ಸುತ್ತ ಒಂದು ಕವಲೂ ಒಡೆಯಿತು. ಕ್ರಿಪ್ಟೋಸ್ ಕಟ್ಟಿದವರಲ್ಲೊಬ್ಬರಾದ ಗಣೇಶ್ ಕೃಷ್ಣಸ್ವಾಮಿ ಬೇವರ್ ಸೀ ತಂಡದ ಗಾಯಕರಾದರು. ಬೇವರ್ ಸೀ ಹಿಡಿದದ್ದು ಇನ್ನೂ ಹಳೆಯ ಬೇರನ್ನು, ಅಂದರೆ ಸಬ್ಬತ್ ಮಾದರಿಯ ನಿಧಾನದ, ಭಾರದ ಡೂಮ್ ಅನ್ನು. 2012ರ ಅವರ ಮೊದಲ ಆಲ್ಬಂ ಮತ್ತು 2015ರ ‘ಇನ್ವೋಕ್ ದ ಬಿಜಾರ್’ ಕೇಳಿದರೆ ಒಂದೇ ಬುಡದಿಂದ ಎರಡು ತಂಡಗಳು ಹೇಗೆ ಎರಡು ದಶಕಗಳನ್ನು ಹಂಚಿಕೊಂಡವು ಎಂಬುದು ತಿಳಿಯುತ್ತದೆ. ಒಂದಕ್ಕೆ ಎಪ್ಪತ್ತರ ದಶಕ, ಮತ್ತೊಂದಕ್ಕೆ ಎಂಬತ್ತರ ದಶಕ. ಕ್ಯಾಸೆಟ್ ಕಾಲದಲ್ಲಿ ಕಲಸಿಹೋಗಿದ್ದ ವಂಶಾವಳಿಯನ್ನು ಈ ಊರಿನವರು ತಾವೇ ಕೂತು ಬಿಡಿಸಿಕೊಂಡ ಬಗೆ ಇದು.

ಪೂರ್ಣ ತಿರುವು ಬಂದದ್ದು 2016ರ ‘ಬರ್ನ್ ಅಪ್ ದ ನೈಟ್’ನಲ್ಲಿ. ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್ ಈ ಆಲ್ಬಂ ಹೊರತಂದಿತು. ಅಲ್ಲಿಂದ ಈಚಿನ ಎಲ್ಲ ಆಲ್ಬಂಗಳೂ ಅದೇ ಸಂಸ್ಥೆಯವು. ಹೆಸರುಗಳೇ ಬದಲಾಗಿವೆ. ಪುರಾಣ, ನಕ್ಷತ್ರಮಂಡಲಗಳು ಹಿಂದೆ ಸರಿದು ರಾತ್ರಿ, ವೇಗ, ಬೆಂಕಿ, ಎಂಜಿನ್ ಮುಂದೆ ಬಂದಿವೆ. ‘ಫುಲ್ ಥ್ರಾಟಲ್’ ಎಂಬ ಹಾಡಿನ ಹೆಸರೇ ಸಾಕು. ಹಾಡುಗಳು ಚಿಕ್ಕದಾಗಿವೆ. ಪಲ್ಲವಿ ಎಲ್ಲಿದೆ ಎಂದು ಹುಡುಕಬೇಕಿಲ್ಲ. ಗಿಟಾರ್ ಸೋಲೋ ಬಂದಾಗ ಹಿಂದಿನ ವಾದ್ಯಗಳು ದಾರಿ ಬಿಡುತ್ತವೆ. ಲೂಯಿಸ್ ಮತ್ತು ರೋಹಿತ್ ಚತುರ್ವೇದಿಯವರ ಎರಡು ಗಿಟಾರ್‌ಗಳು ತಂಡದ ಮುಖವಾಗುವುದು ಇಲ್ಲಿಂದ. ಇಬ್ಬರ ನಡುವಿನ ಸಂವಾದದಲ್ಲಿ ಥಿನ್ ಲಿಝಿಯಿಂದ ಜೂಡಾಸ್ ಪ್ರೀಸ್ಟ್‌ವರೆಗಿನ ಪರಂಪರೆ ಸ್ಪಷ್ಟವಾಗಿ ಕೇಳುತ್ತದೆ. 2019ರ ‘ಆಫ್ಟರ್‌ಬರ್ನರ್’ ಇದನ್ನೇ ಇನ್ನಷ್ಟು ನಯಗೊಳಿಸಿತು. ಲಯ ಹೆಚ್ಚಾಗಿ ಮಧ್ಯಮ ಕಾಲದಲ್ಲಿದೆ, ಕೇಳುಗ ತಲೆ ಆಡಿಸಲು ಬೇಕಾದಷ್ಟೇ ವೇಗ. ಕೋವಿಡ್ ಕಾಲದಲ್ಲಿ, ವೇದಿಕೆಗಳೆಲ್ಲ ಮುಚ್ಚಿದ್ದಾಗ ಬಂದ 2021ರ ‘ಫೋರ್ಸ್ ಆಫ್ ಡೇಂಜರ್’ನಲ್ಲಿ ಥ್ರ್ಯಾಶ್‌ನ ಚುರುಕು ಸ್ವಲ್ಪ ಮರಳಿದೆ. ‘ಡೆಸಿಮೇಟರ್’ ಎರಡನ್ನೂ ತೂಗಿಸಿಕೊಂಡಿದೆ.

ಇಷ್ಟೆಲ್ಲ ಬದಲಾದರೂ ಒಂದು ಅಂಗವನ್ನು ತಂಡ ಬಿಟ್ಟುಕೊಡಲಿಲ್ಲ, ಅದು ಕಂಠ. ಎಂಬತ್ತರ ದಶಕದ ಹೆವಿ ಮೆಟಲ್‌ಗೆ ಮರಳುವ ತಂಡಗಳು ಸಾಮಾನ್ಯವಾಗಿ ರಾಬ್ ಹ್ಯಾಲ್‌ಫರ್ಡ್, ಬ್ರೂಸ್ ಡಿಕಿನ್ಸನ್‌ರಂತೆ ತಾರಸ್ಥಾಯಿಯಲ್ಲಿ ಹಾಡುವ ಗಾಯಕನನ್ನು ಹುಡುಕುತ್ತವೆ. ಕ್ರಿಪ್ಟೋಸ್‌ನ ಗಾಯಕರೂ ಆದ ಲೂಯಿಸ್ ತಮ್ಮ ಗೊಗ್ಗರು ಕಂಠವನ್ನೇ ಉಳಿಸಿಕೊಂಡರು. ಇಂಪಾದ ಜೋಡಿ ಗಿಟಾರಿನ ಮೇಲೆ ಒರಟು ದನಿ ಕೂರುವುದರಿಂದ ಹಾಡು ಹಳೆಯದರ ನಕಲಾಗುವುದು ತಪ್ಪುತ್ತದೆ. ಗೋಥೆನ್‌ಬರ್ಗ್‌ನವರು ಬಳಸಿದ ಸಾಮಗ್ರಿಯೇ ಇದು, ಆದರೆ ಅವರಲ್ಲಿ ಡೆತ್ ಮೆಟಲ್ ನೆಲ, ಇಂಪು ಅದರ ಮೇಲಿನ ಚಿತ್ತಾರ. ಕ್ರಿಪ್ಟೋಸ್‌ನಲ್ಲಿ ನೆಲವೇ ಸಾಂಪ್ರದಾಯಿಕ ಹೆವಿ ಮೆಟಲ್, ಡೆತ್ ಮೆಟಲ್‌ನಿಂದ ಉಳಿದದ್ದು ಕಂಠವೊಂದೇ. ಕೆಲವು ಕೇಳುಗರಿಗೆ ಈ ಕಂಠ ಏಕತಾನ ಎನಿಸುತ್ತದೆ. ಆ ದೂರಿನಲ್ಲಿ ಹುರುಳಿದೆ, ಏಕೆಂದರೆ ಪಲ್ಲವಿ ಏರಬೇಕಾದ ಕಡೆ ದನಿ ಏರಲಾರದು, ಏರಿಕೆಯ ಭಾರವನ್ನೆಲ್ಲ ಗಿಟಾರ್‌ಗಳೇ ಹೊರಬೇಕು. ಅವು ಹೊರುತ್ತವೆ ಎಂಬುದೇ ಈ ತಂಡದ ಹೆಚ್ಚುಗಾರಿಕೆ.

ಬೆಂಗಳೂರಿನ ಎಲ್ಲ ತಂಡಗಳೂ ಹಿಂದಕ್ಕೆ ನಡೆದವು ಎಂದೇನಲ್ಲ. ಎಕ್ಸೆಂಟ್ರಿಕ್ ಪೆಂಡ್ಯುಲಮ್ 2011ರ ‘ವೈಂಡಿಂಗ್ ದಿ ಆಪ್ಟಿಕ್ಸ್’ನಲ್ಲಿ ಮುರಿದ ತಾಳಗಳ ಪ್ರೊಗ್ರೆಸಿವ್ ಮೆಟಲ್ ಹಿಡಿಯಿತು, ಅದೇ ವರ್ಷ ಮೆಟಲ್ ಬ್ಯಾಟಲ್ ಸ್ಪರ್ಧೆಯ ಮೂಲಕ ವಾಕನ್ ತಲುಪಿತು. ಇನ್ನರ್ ಸ್ಯಾಂಕ್ಟಮ್ ಥ್ರ್ಯಾಶ್ ಮತ್ತು ಡೆತ್ ಮೆಟಲ್‌ಗಳ ನಡುವೆ ಆಧುನಿಕ ದನಿಯನ್ನು ಕಂಡುಕೊಂಡಿತು. ಮುರಿದ ತಾಳದ ವಿಷಯದಲ್ಲಿ ಇಲ್ಲಿಯ ಸಂಗೀತಗಾರರಿಗೆ ಸ್ವೀಡನ್ನಿನ ಊಮಿಯೋ ನಗರದ ಮೆಶುಗ್ಗಾ ದೊಡ್ಡ ಗುರು. ಎಂಟು ತಂತಿಯ ಗಿಟಾರ್‌ಗಳಿಗೆ ಹೆಸರಾದ ಆ ತಂಡದಲ್ಲಿ ಸಿಂಬಲ್ ನಾಲ್ಕರ ಎಣಿಕೆಯಲ್ಲಿ ನಡೆಯುತ್ತಿರುತ್ತದೆ. ಗಿಟಾರ್ ಮತ್ತು ಬಾಸ್ ಡ್ರಮ್ ಬೇರೆ ಅಳತೆಯ ಮಾತ್ರೆಗಳಲ್ಲಿ ಸುತ್ತಿ ಸುತ್ತಿ, ಹಲವು ಆವರ್ತಗಳ ನಂತರ ಒಟ್ಟಿಗೆ ಬಂದು ಸೇರುತ್ತವೆ. ಕೋರ್ವೆ ಕೇಳಿ ಗೊತ್ತಿರುವವರಿಗೆ ಇದರ ಲೆಕ್ಕ ಒಡನೆ ಹಿಡಿಯುತ್ತದೆ. ಮೃದಂಗದ ತನಿಯಾವರ್ತನದಲ್ಲೂ ಏಳು, ಐದರ ಕಟ್ಟುಗಳು ಆದಿತಾಳದ ಮೇಲೆ ಹಾದುಹೋಗಿ ಸಮದಲ್ಲಿ ಕೂಡುತ್ತವೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ 1964ರಿಂದ ಲಯಶಿಕ್ಷಣ ನೀಡುತ್ತ ಬಂದ ಸಂಸ್ಥೆ. ಅದು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ ‘ಜ್ಯೋತಿ’ ಆಲ್ಬಂ 1983ರಲ್ಲೇ ಬಂದಿತ್ತು. ಕರ್ನಾಟಕ ಸಂಗೀತವನ್ನು ಪ್ರೊಗ್ರೆಸಿವ್ ರಾಕ್ ಜೊತೆ ಬೆಸೆದ ಅಗಮ್, ಮೆಟಲ್ ಜೊತೆ ಬೆಸೆದ ಪೈನಾಪಲ್ ಎಕ್ಸ್‌ಪ್ರೆಸ್ ತಂಡಗಳು ಇದೇ ಊರಿನವು. ಅಗಮ್‌ನ ಸದಸ್ಯರು ಐಟಿ ಉದ್ಯೋಗದ ಜೊತೆಯಲ್ಲೇ ತಂಡ ಬೆಳೆಸಿದವರು. ಲಯದ ಇಷ್ಟು ದೊಡ್ಡ ಸಂಪತ್ತು ಪಕ್ಕದಲ್ಲೇ ಇದ್ದರೂ ಕ್ರಿಪ್ಟೋಸ್ ಅದನ್ನು ತನ್ನ ಹಾಡಿಗೆ ತಂದುಕೊಳ್ಳಲಿಲ್ಲ. ಭಾರತೀಯ ತಂಡ ಎಂದೊಡನೆ ಸಿತಾರ್, ತಬಲಾ ಕೇಳಬಯಸುವ ಹೊರಗಿನವರಿಗೆ ಅದು ಒಪ್ಪಿಸಿದ್ದು ಕೇವಲ ಹೆವಿ ಮೆಟಲ್. ಈ ಹಟಕ್ಕೆ ಗೌರವ ಸಲ್ಲಬೇಕು.

ವೇದಿಕೆಯ ಕಷ್ಟ ಈ ಎಲ್ಲ ತಂಡಗಳಿಗೂ ಸಮಾನ. ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ಇರುವ ನಿರ್ಬಂಧ ಒಂದು. ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶ ಇನ್ನೊಂದು. ಡಾನ್ಸ್ ಬಾರುಗಳನ್ನು ಗುರಿಯಾಗಿಟ್ಟ ಕ್ರಮಗಳ ಬಿಸಿ 2008ರ ಹೊತ್ತಿಗೆ ಗಿಟಾರ್ ಹಿಡಿದವರಿಗೂ ತಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಇಂದಿರಾನಗರ, ವೈಟ್‌ಫೀಲ್ಡ್‌ಗಳ ಕೆಲವು ವೇದಿಕೆಗಳು ತೆರೆದವು, ಮುಚ್ಚಿದವು. ವರ್ಷಕ್ಕೆ ಬೆರಳೆಣಿಕೆಯ ಗಿಗ್ ಸಿಗುವ ಊರಿನಲ್ಲಿ ಒಂದು ತಂಡ ಇಪ್ಪತ್ತೈದು ವರ್ಷ ಉಳಿಯಬೇಕಾದರೆ ಉದ್ಯೋಗ ಬೇರೆ ಇರಬೇಕು, ಪ್ರವಾಸ ಹೊರದೇಶದ್ದಾಗಿರಬೇಕು.

ಉಳಿದಿರುವ ಒಂದು ಪ್ರಶ್ನೆ ಭಾಷೆಯದು. ಓಪೆಥ್ 2019ರ ‘ಇನ್ ಕೌಡಾ ವೆನೆನಂ’ ಆಲ್ಬಂ ಅನ್ನು ಸ್ವೀಡಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಹೊರತಂದಿತು. ತನ್ನ ತಾಯ್ನುಡಿಗೆ ಬರಲು ಆ ತಂಡಕ್ಕೆ ಮೊದಲ ಆಲ್ಬಂನಿಂದ ಇಪ್ಪತ್ತನಾಲ್ಕು ವರ್ಷ ಬೇಕಾಯಿತು. ಬೆಂಗಳೂರಿನ ಮೆಟಲ್ ಬಹುಪಾಲು ಇಂಗ್ಲಿಷಿನಲ್ಲೇ ಇದೆ. ಕನ್ನಡದಲ್ಲಿ ಗ್ರೌಲ್ ಮಾಡುವುದಕ್ಕೆ ಒಂದು ನಿಜವಾದ ತೊಡಕೂ ಇದೆ. ಕನ್ನಡದ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ, ವಿಭಕ್ತಿಯೂ ಕ್ರಿಯೆಯ ರೂಪವೂ ಎಷ್ಟೋ ಕಡೆ ಆ ಕೊನೆಯ ಸ್ವರದ ಮೇಲೆ ನಿಂತಿವೆ. ಗ್ರೌಲ್‌ನಲ್ಲಿ ಮೊದಲು ಮಸುಕಾಗುವುದು ಸ್ವರಗಳ ವ್ಯತ್ಯಾಸವೇ. ಇಂಗ್ಲಿಷಿನಲ್ಲಿ ಗಡುಸು ವ್ಯಂಜನಗಳು ಅರ್ಥವನ್ನು ಹೇಗೋ ದಾಟಿಸುತ್ತವೆ. ಕನ್ನಡಕ್ಕೆ ಲೂಯಿಸ್ ಬಳಸುವಂಥ ಗೊಗ್ಗರು ಕಂಠ ಹೆಚ್ಚು ಒಗ್ಗೀತು, ಅದರಲ್ಲಿ ಸ್ವರಗಳು ಪೂರ್ತಿ ಅಳಿಯುವುದಿಲ್ಲ. ಆರ್ಭಟದ ನುಡಿಗೆ ಈ ನೆಲದಲ್ಲಿ ಮಾದರಿಯೂ ಇದೆ. ವೀರಗಾಸೆಯ ಪುರವಂತರು ಒಡಪು ಹೇಳುವಾಗ ಕರಡೆ, ಸಮ್ಮೇಳಗಳ ಅಬ್ಬರದ ನಡುವೆ ಪ್ರತಿ ಪದವನ್ನೂ ಸ್ಪಷ್ಟವಾಗಿ ಎಸೆಯುತ್ತಾರೆ. ಆ ಉಚ್ಚಾರಣೆಯನ್ನು ಡಿಸ್ಟಾರ್ಷನ್ ಗಿಟಾರಿನ ಮುಂದೆ ನಿಲ್ಲಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ಇನ್ನೂ ಆಗಬೇಕಿದೆ. ಕ್ರಿಪ್ಟೋಸ್ ಏಳು ಆಲ್ಬಂಗಳಲ್ಲೂ ಇಂಗ್ಲಿಷನ್ನೇ ಇಟ್ಟುಕೊಂಡಿದೆ, ‘ಡೆಸಿಮೇಟರ್’ ಕೂಡ ಅದೇ ಭಾಷೆಯಲ್ಲಿದೆ.